ಉಳವಿಯ ಮಿಡಿಮಾವು

ಉಳವಿ ಎಂದೊಡನೆ ವಾಚಕರಲ್ಲಿ ಅನೇಕರಿಗೆ ಜೋಯಿಡಾ ಸೀಮೆಯ ಅರಣ್ಯಮಧ್ಯದಲ್ಲಿರುವ, ಚೆನ್ನಬಸವಣ್ಣನವರ ಸಮಾಧಿಯಿಂದ ಪುನೀತವಾದ ಕ್ಷೇತ್ರವು ನೆನಪಿಗೆ ಬರುವುದು ಸಹಜವೇ. ನಾವು ಇಲ್ಲಿ ಹೇಳಹೊರಟಿರುವ ಉಳವಿ ಅದಲ್ಲ. ಇದು ಶಿವಮೊಗ್ಗ ಜಿಲ್ಲೆಯ ಸೊರಬ ತಾಲ್ಲೂಕಿನಲ್ಲಿ ಒಂದು ಹೋಬಳಿಯ ಊರು. ಯಾತ್ರಿಕರನ್ನು ದೂರದಿಂದ ಸೆಳೆಯುವಂತಹ ಖ್ಯಾತಿ ಇದಕ್ಕಿಲ್ಲ. ಆದರೂ ಕಳೆದ ಚೈತ್ರಮಾಸದಲ್ಲಿ ಈ ಊರಿನಲ್ಲಿ ಕಳೆದ ಎರಡು ದಿವಸಗಳು ನಮಗೆ ತೀರ್ಥಯಾತ್ರೆಯಷ್ಟೇ ಪ್ರಯೋಜನಕಾರಿಯಾದುವು. ಅದು ಹೇಗೆಂಬುದನ್ನು ನಿವೇದಿಸುವುದೇ ಈ ಲೇಖನದ ಉದ್ದೇಶ.

ಪ್ರಯಾಣಕ್ಕೆ ಕಾರಣವಾದುದು ಒಂದು ಕಾಗದ. ನಮ್ಮ ಮಗಳು ಗಂಡನೊಡನೆ ಫ್ರಾನ್ಸ್ ದೇಶದ ತುಲೂಸ್ ನಗರದಲ್ಲಿ ಏಳು ವರ್ಷಗಳಿಂದ ಇರುವಳು. ವಿಮಾನಗಳ ನಿರ್ಮಾಣಕ್ಕೆ ಹೆಸರಾದ ಆ ನಗರಕ್ಕೆ ನಾನಾ ದೇಶಗಳ ಜನರು ಬಂದು ನೆಲಸಿರುವರು. ಅಂತಹವರು ಒಂದು ಸಂಜೆ ಒಟ್ಟುಗೂಡಿ, ಗೋಡೆಯ ಮೇಲೆ ಭೂಪಟವನ್ನು ತೂಗುಹಾಕಿ, ಒಬ್ಬೊಬ್ಬರಾಗಿ ಎದ್ದು ತಾವು ಎಲ್ಲಿಂದ ಬಂದೆವು, ಹೇಗೆ ನೆಲೆನಿಂತೆವು ಎಂಬುದನ್ನು ಹೇಳಿಕೊಂಡರಂತೆ. ಆಲ್ಜೀರಿಯದವರಿದ್ದರು, ಪೋರ್ಚುಗಲ್ಲಿನವರಿದ್ದರು, ವಿಯೆಟ್ನಾಮಿನವರಿದ್ದರು. ಪುದುಚೇರಿಯ ಮೂಲದ ಒಬ್ಬ ವೃದ್ಧೆಯೂ ಇದ್ದರು. ೧೯೬೨ರಲ್ಲಿ ಆ ಪ್ರಾಂತವು ವಿಧಿವತ್ತಾಗಿ ಭಾರತಕ್ಕೆ ಸೇರಿದಾಗ, ಅಲ್ಲಿನ ಕೆಲವು ಮನೆತನಗಳವರು ಫ್ರೆಂಚ್ ಪೌರತ್ವವನ್ನೇ ಇಟ್ಟುಕೊಂಡ ಸಂಗತಿ ಚರಿತ್ರೆಯನ್ನು ಬಲ್ಲವರಿಗೆ ತಿಳಿದುದೇ. ನಮ್ಮ ಮಗಳು ಶಿಕಾರಿಪುರವಿರುವ ಸ್ಥಳದಲ್ಲಿ ಗುರುತು ಮಾಡಿದಳು. “ನಿಮ್ಮ ಹಿರಿಯರೂ ಅಲ್ಲಿಯವರೇ?” ಎಂದು ಆ ವೃದ್ಧೆ ಕೇಳಿದರಂತೆ. “ಅಲ್ಲ, ಅವರ ಊರು ನೀರಿನಲ್ಲಿ ಮುಳುಗಿತು” ಎಂದಳು. “ಅಲ್ಲಿ ಏನಿತ್ತು?” ಎಂಬ ಮುಂದಿನ ಪ್ರಶ್ನೆಗೆ ಅವಳಲ್ಲಿ ಉತ್ತರವಿರಲಿಲ್ಲ. ಅದನ್ನು ನಮ್ಮನ್ನು ಕೇಳಿ ಬರೆದಿದ್ದಳು. ನಮ್ಮಲ್ಲಿಯೂ ಇರಲಿಲ್ಲ. ಊರು ಬಿಟ್ಟಾಗ ನಾವು ಎಂಟು ತಿಂಗಳ ಕೂಸು.

ಕಾಗದದ ಕೊನೆಯಲ್ಲಿ ಇನ್ನೊಂದು ವಿಷಯವಿತ್ತು. ಆ ದೇಶದ ಪೌರತ್ವಕ್ಕೆ ಅರ್ಜಿ ಹಾಕಬೇಕೆಂದಿರುವೆವು, ಅಪ್ಪಯ್ಯನ ಒಪ್ಪಿಗೆ ಬೇಕು, ಎಂದು. ನಮ್ಮ ದೇಶದ ಕಾನೂನು ಎರಡು ಪೌರತ್ವಗಳನ್ನು ಒಪ್ಪುವುದಿಲ್ಲ; ಅನ್ಯದೇಶದ ಪೌರತ್ವವನ್ನು ಸ್ವೀಕರಿಸಿದವರಿಗೆ ಇಲ್ಲಿಯದು ಕಳೆದುಹೋಗುವುದು. ೨೦೦೫ರ ತರುವಾಯ ಅಂತಹವರಿಗೆ ಸಾಗರೋತ್ತರ ಭಾರತೀಯರೆಂಬ ಒಂದು ಚೀಟಿ ದೊರೆಯುತ್ತಿದೆ. ಬಂದುಹೋಗಲು ಅನುಕೂಲ, ಮತ ಹಾಕಲು ಅಧಿಕಾರವಿಲ್ಲ. ಮೂವತ್ತು ವರ್ಷ ಮಕ್ಕಳಿಗೆ “ಜನನೀ ಜನ್ಮಭೂಮಿಶ್ಚ” ಎಂದು ಪಾಠ ಹೇಳಿದ ನಮಗೆ ಈ ಮಾತು ಮುಳ್ಳಿನಂತೆ ಚುಚ್ಚಿತು. ಹದಿನೈದು ದಿವಸ ಉತ್ತರ ಬರೆಯಲಿಲ್ಲ. ಮನೆಯಾಕೆ ಎರಡು ಬಾರಿ ಜ್ಞಾಪಿಸಿ ಸುಮ್ಮನಾದಳು. ಕಡೆಗೆ, ಮುಳುಗಿದ ಊರನ್ನು ಕಣ್ಣಾರೆ ಕಂಡವರಲ್ಲಿ ನಮ್ಮ ಮನೆತನಕ್ಕೆ ಉಳಿದಿರುವ ಏಕಮಾತ್ರ ಜೀವವಾದ ಸೋದರತ್ತೆಯನ್ನು ಕಂಡುಬರಲು ಉಳವಿಗೆ ಹೊರಟೆವು.

ಶಿಕಾರಿಪುರದಿಂದ ಹೊರಟವರು ಶಿರಾಳಕೊಪ್ಪದ ಸಮೀಪದ ತಾಳಗುಂದವನ್ನು ನೋಡದೆ ಮುಂದುವರಿಯಲು ಸಂಸ್ಕೃತ ಕಲಿತವರಿಗೆ ಮನಸ್ಸು ಬಾರದು. ಶಾಸನಗಳ ಸ್ಥಾನಕುಂದೂರು ಇದೇ. ಪ್ರಣವೇಶ್ವರ ದೇವಾಲಯದ ಮುಂದೆ ನಿಂತಿರುವ ಕಲ್ಲುಕಂಬದಲ್ಲಿ ಕುಬ್ಜನೆಂಬ ಕವಿಯು ಕದಂಬರ ವಂಶವೃತ್ತಾಂತವನ್ನು ಸುಮಾರು ಹದಿನೈದು ಶತಮಾನಗಳ ಹಿಂದೆ ಶ್ಲೋಕಗಳಲ್ಲಿ ರಚಿಸಿರುವನು. ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ವಿದ್ಯಾರ್ಥಿಯಾಗಿ ಕಂಚಿಗೆ ಹೋದುದು, ಅಲ್ಲಿ ಪಲ್ಲವರ ರಾವುತನೊಡನೆ ಕಲಹವಾದುದು, ದರ್ಭೆ ಹಿಡಿದ ಕೈ ಕತ್ತಿಯನ್ನು ಹಿಡಿದುದು, ಎಲ್ಲವೂ ಅದರಲ್ಲಿದೆ. ನಮ್ಮ ಲಕ್ಷ್ಯವನ್ನು ಅಂದು ಸೆಳೆದುದು ಮಾತ್ರ ಬೇರೊಂದು ಸಂಗತಿ. ಆ ಕುಲಕ್ಕೆ ಕದಂಬವೆಂಬ ಹೆಸರು ಬಂದುದು ಯಾವ ದೂರದೇಶದಿಂದಲೂ ಅಲ್ಲ. ಮನೆಯ ಬಳಿ ಬೆಳೆದ ಒಂದು ಕದಂಬವೃಕ್ಷವನ್ನು ಅವರು ಆದರದಿಂದ ಪೋಷಿಸುತ್ತಿದ್ದುದರಿಂದ ಬಂತೆಂದು ಕವಿ ಹೇಳುವನು. ಅನಂತರದ ಶತಮಾನಗಳ ಶಾಸನಗಳಾದರೋ, ಮುಕ್ಕಣ್ಣ ಕದಂಬನು ಉತ್ತರದ ಅಹಿಚ್ಛತ್ರದಿಂದ ಬ್ರಾಹ್ಮಣರನ್ನು ಕರೆತಂದು ಈ ಅಗ್ರಹಾರದಲ್ಲಿ ನೆಲೆಗೊಳಿಸಿದನೆಂದು ಸಾರುತ್ತವೆ. ನಮ್ಮ ಹವ್ಯಕರಲ್ಲಿಯೂ ಅಹಿಚ್ಛತ್ರದಿಂದ ಬಂದೆವೆಂಬ ಐತಿಹ್ಯವುಂಟು. ಅಹಿಚ್ಛತ್ರವನ್ನು ವಿದ್ವಾಂಸರು ಉತ್ತರಪ್ರದೇಶದ ಬರೇಲಿ ಜಿಲ್ಲೆಯಲ್ಲಿ ಗುರುತಿಸಿರುವರು. ಹೀಗೆ ಒಂದೇ ಊರಿನ ಕಲ್ಲುಗಳಲ್ಲಿ ಒಂದು ಕಡೆ ಹಿತ್ತಿಲಿನ ಮರವೇ ಮೂಲ, ಇನ್ನೊಂದು ಕಡೆ ನೂರಾರು ಹರದಾರಿ ಆಚೆಯ ನಗರವೇ ಮೂಲ. ಇವುಗಳಲ್ಲಿ ಯಾವುದನ್ನು ಮಗಳಿಗೆ ಬರೆಯೋಣ ಎಂದು ಯೋಚಿಸುತ್ತಲೇ ಮತ್ತೆ ಬಸ್ಸನ್ನೇರಿದೆವು.

ಸೊರಬವನ್ನು ದಾಟಿದ ಮೇಲೆ ನೋಟವು ಬದಲಾಗುವುದು. ತಗ್ಗಿನಲ್ಲಿ ಗದ್ದೆಗಳು, ನೀರಿನ ಆಸರೆ ಇದ್ದಲ್ಲಿ ಅಡಕೆಯ ತೋಟಗಳು, ಅವುಗಳ ಬೆನ್ನಿಗೆ ಕಾನು. ಕಾನೆಂದರೆ ಬರಿಯ ಕಾಡಲ್ಲ. ಊರವರು ದೇವರ ಭಯದಿಂದಲೂ ಮೆಣಸಿನ ಬಳ್ಳಿಯ ಆಸೆಯಿಂದಲೂ ತಲೆತಲಾಂತರ ಕಾಪಾಡಿಕೊಂಡು ಬಂದ ನಿತ್ಯಹರಿದ್ವರ್ಣದ ತೋಪು. ೧೮೬೮ರಷ್ಟು ಹಿಂದೆಯೇ ಬ್ರಾಂಡಿಸ್ ಮತ್ತು ಗ್ರಾಂಟ್ ಎಂಬ ಅಧಿಕಾರಿಗಳು ಸೊರಬದ ಕಾನುಗಳನ್ನು ಕುರಿತು ವರದಿ ಬರೆದಿದ್ದರು. ಹೊರಗೆ ಬಿಸಿಲು ಸುಡುತ್ತಿದ್ದರೂ ಕಾನಿನ ಅಂಚಿಗೆ ಬಂದೊಡನೆ ತಂಪು ಮುಖಕ್ಕೆ ತಾಗುವುದು.

ಅತ್ತೆಯ ಮನೆ ಊರಿನಿಂದ ತುಸು ಒಳಗೆ. ಎಂಬತ್ತೈದರ ಆಕೆ ಜಗುಲಿಯಲ್ಲಿ ಕುಳಿತು ಅಡಕೆ ಹೋಳುಗಳನ್ನು ಆರಿಸುತ್ತಿದ್ದಳು. ನಮ್ಮನ್ನು ಕಂಡು, “ತಮಾ, ಬಾ. ಮೊದಲು ಕೈಕಾಲು ತೊಳೆ. ಬಾಯಾರಿಕೆಗೆ ಏನು ಬೇಕು?” ಎಂದಳು. ಬೆಲ್ಲ, ನೀರು ಬಂದುವು. ಮನೆಗೆ ಹಂಚು ಹೊಸದು, ಗೋಡೆ ಹೊಸದು. ಮುಂಬಾಗಿಲು ಮಾತ್ರ ಹಳೆಯದು. ಹಲಸಿನ ಮರದ ಅಗಲವಾದ ಆ ದಾರಂದಕ್ಕೆ ಗೋಡೆ ಹೊಂದದೆ, ಇಕ್ಕೆಲಗಳಲ್ಲಿ ಇಟ್ಟಿಗೆಯಿಂದ ತೇಪೆ ಹಾಕಿದ್ದರು. “ಅದು ನೀನು ಹುಟ್ಟಿದ ಮನೆಯ ಬಾಗಿಲು” ಎಂದಳು ಅತ್ತೆ. ಅರುವತ್ತು ವರ್ಷಗಳಲ್ಲಿ ಎಷ್ಟೋ ಸಲ ಆ ಹೊಸ್ತಿಲನ್ನು ದಾಟಿದ್ದೆವು, ಒಮ್ಮೆಯೂ ಕೇಳಿರಲಿಲ್ಲ.

ಲಿಂಗನಮಕ್ಕಿಯ ಅಣೆಕಟ್ಟು ಪೂರ್ಣವಾದುದು ೧೯೬೪ರಲ್ಲಿ. ಅದಕ್ಕೆ ಹಿಂದೆ ಮಡೆನೂರಿನಲ್ಲಿ ಕಟ್ಟಿದ್ದ ಹಿರೇಭಾಸ್ಕರ ಅಣೆಕಟ್ಟೂ ಅದರ ಹಿನ್ನೀರಿನಲ್ಲಿ ಮುಳುಗಿಹೋಯಿತು. ಬೇಸಗೆಯಲ್ಲಿ ನೀರು ಬಹಳ ಇಳಿದ ವರ್ಷಗಳಲ್ಲಿ ಅದು ಇಂದಿಗೂ ತಲೆ ಎತ್ತುವುದುಂಟು. ಜಲಾಶಯದ ಪೂರ್ಣಮಟ್ಟ ಸಮುದ್ರಕ್ಕಿಂತ ೧೮೧೯ ಅಡಿ. ಆ ರೇಖೆಯ ಕೆಳಗೆ ಬಿದ್ದ ಶರಾವತಿಯ ದಂಡೆಯ ಊರುಗಳವರು ಸಾಗರ, ಸೊರಬ, ಹೊಸನಗರ, ಶಿವಮೊಗ್ಗ ಮೊದಲಾದ ಕಡೆಗಳಿಗೆ ಚದರಿದರು. ನಾಡಿನ ಮನೆಗಳಲ್ಲಿ ವಿದ್ಯುದ್ದೀಪ ಬೆಳಗಿತು. ಬಿಟ್ಟುಬಂದವರಲ್ಲಿ ಅನೇಕರು ಕೊಟ್ಟ ನೆಲದ ಹಕ್ಕುಪತ್ರಕ್ಕಾಗಿ ಅರ್ಧಶತಮಾನ ಕಳೆದ ಮೇಲೂ ಅಲೆಯುತ್ತಲೇ ಇದ್ದರು.

“ಅಲ್ಲಿ ಏನಿತ್ತು ಅತ್ತೆ?” ಎಂದು ಮಗಳ ಪ್ರಶ್ನೆಯನ್ನೇ ಕೇಳಿದೆವು.

“ಏನಿರುತ್ತದೆ? ಆರು ಮನೆ, ಒಂದು ಕೆರೆ, ತೋಟ. ಹೊಳೆಯ ಕಡೆಗೆ ಒಂದು ಅಪ್ಪೆಮಿಡಿಯ ಮರ. ಮಿಡಿ ಮುರಿದರೆ ಜೀರಿಗೆಯ ಪರಿಮಳ. ಆರು ಮನೆಯ ಭರಣಿಗಳೂ ಅದೊಂದೇ ಮರದಿಂದ ತುಂಬುತ್ತಿದ್ದವು. ತೊಟ್ಟು ಮುರಿಯದ ಹಾಗೆ ಕೊಯ್ಯಬೇಕು, ನೆಲಕ್ಕೆ ಬೀಳಿಸಬಾರದು. ನಿನ್ನಪ್ಪನೇ ಮರ ಹತ್ತುತ್ತಿದ್ದ. ಊರು ಬಿಡುವ ಬೇಸಗೆಯಲ್ಲಿ ಯಾರೂ ಕೊಯ್ಯಲಿಲ್ಲ. ಎಲ್ಲರೂ ಮನೆ ಬಿಚ್ಚಿ ಗಾಡಿಗೆ ಹೇರುವವರೇ. ಕಾಯಿಗಳು ಹಣ್ಣಾಗಿ ಉದುರಿದವು. ನಾನು ನಾಲ್ಕು ಗೊರಟು ಸೆರಗಿನಲ್ಲಿ ಕಟ್ಟಿಕೊಂಡು ಬಂದೆ.”

ನಾಲ್ಕರಲ್ಲಿ ಮೂರು ಹುಟ್ಟಲಿಲ್ಲ. ಒಂದು ಹುಟ್ಟಿತು. ಅತ್ತೆ ಊರುಗೋಲು ಹಿಡಿದು ಹಿತ್ತಿಲಿಗೆ ಕರೆದೊಯ್ದು ತೋರಿಸಿದಳು. ಇಬ್ಬರು ತಬ್ಬುವಷ್ಟು ದಪ್ಪದ ಮರ, ಗೊಂಚಲು ಗೊಂಚಲಾಗಿ ಮಿಡಿ. ಒಂದನ್ನು ಮುರಿದು ನಮ್ಮ ಮೂಗಿಗೆ ಹಿಡಿದಳು. ಸೊನೆಯ ಘಾಟು, ಒಳ್ಳೆಯ ಹುಳಿಯ ಕಂಪು. ಜೀರಿಗೆಯ ಪರಿಮಳ ಮಾತ್ರ ಇರಲಿಲ್ಲ. ಮಾವು ಬೀಜದಿಂದ ಹುಟ್ಟಿದರೆ ತಾಯಿಮರದ ಗುಣ ಇದ್ದಂತೆಯೇ ಬರುವುದಿಲ್ಲ, ಕಸಿ ಕಟ್ಟಿದರೆ ಮಾತ್ರ ಬರುವುದೆಂಬುದು ತೋಟಗಾರರೆಲ್ಲರೂ ಬಲ್ಲ ಮಾತು. “ಮೊದಲ ಫಸಲಿನಲ್ಲಿ ಇದನ್ನು ಮುರಿದು ನೋಡಿ ಒಂದು ದಿನವೆಲ್ಲ ಅತ್ತೆ. ಆಮೇಲೆ ಉಪ್ಪಿಗೆ ಹಾಕಿದೆ. ಮೂರು ವರ್ಷ ಕೆಡಲಿಲ್ಲ. ಈಗ ಈ ಕೇರಿಯವರೆಲ್ಲ ಇದರ ಮಿಡಿಯನ್ನೇ ಕೇಳುತ್ತಾರೆ” ಎಂದಳು.

ರಾತ್ರಿ ಊಟವಾದ ಮೇಲೆ ಕಾಗದದ ಎರಡನೆಯ ವಿಷಯವನ್ನು ಹೇಳಿದೆವು. ಮಗಳು ದೇಶವನ್ನೇ ಬಿಡಹೊರಟಿರುವಳೆಂದು ನಮ್ಮ ಧ್ವನಿಯಲ್ಲಿ ಬೇಸರವಿದ್ದಿರಬೇಕು. ಅತ್ತೆ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ತಮಾ, ನಮ್ಮನ್ನು ಏಳಿಸುವಾಗ ಯಾರೂ ಕೇಳಲಿಲ್ಲ. ಅವಳನ್ನು ಯಾರೂ ಏಳಿಸಲಿಲ್ಲ, ಆದರೂ ಅವಳು ನಿನ್ನನ್ನು ಕೇಳುತ್ತಿದ್ದಾಳೆ. ಹದಿನೈದು ದಿನ ಉತ್ತರ ಕೊಡದೆ ಕೂತೆಯಲ್ಲ, ಅಷ್ಟು ದೂರದಲ್ಲಿ ಆ ಕೂಸಿಗೆ ಹೇಗಾಗಿರಬೇಡ?” ಎಂದಳು. ಶಾಲೆಯಲ್ಲಿ ಅನೇಕರನ್ನು ತಲೆತಗ್ಗಿಸಿ ನಿಲ್ಲಿಸಿದ ನಾವು ಅಂದು ತಲೆತಗ್ಗಿಸಿದೆವು.

ಸ್ವಲ್ಪ ತಡೆದು ಮತ್ತೆ ಹೇಳಿದಳು: “ಹೋಗುವವರು ಬಾಗಿಲು ಹೊತ್ತುಕೊಂಡು ಹೋಗಲಿಕ್ಕೆ ಆಗದಿದ್ದರೆ ಗೊರಟನ್ನಾದರೂ ಕಟ್ಟಿಕೊಂಡು ಹೋಗಬೇಕು. ನೀನು ಅವಳಿಗೆ ಏನು ಕಟ್ಟಿಕೊಟ್ಟೆ?”

ಈ ಪ್ರಶ್ನೆಗೆ ನಾವು ಸತ್ಯವಾದ ಉತ್ತರ ಕೊಡಬೇಕಾದರೆ, ಅಮರಕೋಶದ ಕೆಲವು ಶ್ಲೋಕಗಳನ್ನೂ ಬಹಳಷ್ಟು ಉಪದೇಶವನ್ನೂ ಕೊಟ್ಟೆವೆಂದೇ ಹೇಳಬೇಕು. ಹುಟ್ಟಿದ ಮನೆಯ ಕಥೆ ನಮಗೇ ತಿಳಿದಿರಲಿಲ್ಲ, ಕೊಡುವುದೆಲ್ಲಿಂದ?

ಮರುದಿನ ಬೆಳಗಿನಿಂದ ಸಂಜೆಯವರೆಗೆ ಅತ್ತೆ ಹೇಳಿದುದನ್ನೆಲ್ಲ ಬರೆದುಕೊಂಡೆವು. ಆರು ಮನೆಗಳ ಹೆಸರುಗಳು, ಕೆರೆಯ ಏರಿ, ಹೊಳೆ ದಾಟುವ ದೋಣಿಯ ಕಡು, ಗಾಡಿ ಹೊರಟಾಗ ಹಿಂದೆಯೇ ಬಂದು ಅರ್ಧ ದಾರಿಯಿಂದ ಮರಳಿದ ನಾಯಿ. ಒಂದು ನೂರು ಪುಟದ ಪುಸ್ತಕ ತುಂಬಿತು. ಹೊರಡುವಾಗ ಅತ್ತೆ ಉಪ್ಪಿನ ಮಿಡಿಯ ಸಣ್ಣ ಭರಣಿಯನ್ನು ಬಟ್ಟೆಯಲ್ಲಿ ಸುತ್ತಿ ಕೈಗಿತ್ತಳು.

ಶಿಕಾರಿಪುರಕ್ಕೆ ಬಂದ ರಾತ್ರಿಯೇ ಮಗಳಿಗೆ ಉತ್ತರ ಬರೆದೆವು. ಅರ್ಜಿಯ ವಿಚಾರಕ್ಕೆ ಒಂದೇ ವಾಕ್ಯ: ನಿಮ್ಮಿಬ್ಬರಿಗೆ ಸರಿಯೆಂದು ತೋರಿದಂತೆ ಮಾಡಿರಿ, ನಮ್ಮ ಆಶೀರ್ವಾದವಿದೆ. ಆ ವಾಕ್ಯವನ್ನು ಬರೆಯುವಾಗ ನೋವಾಗಲಿಲ್ಲವೆಂದರೆ ಸುಳ್ಳಾದೀತು. ಉಳಿದ ಹದಿಮೂರು ಪುಟಗಳಲ್ಲಿ, ಅಲ್ಲಿ ಏನಿತ್ತೆಂಬ ಪ್ರಶ್ನೆಗೆ ಉತ್ತರ. ಮುಂದಿನ ಬಾರಿ ಆ ಭೂಪಟದ ಮುಂದೆ ನಿಂತಾಗ ಶಿಕಾರಿಪುರದ ಪಕ್ಕದಲ್ಲಿ ಉಳವಿಯನ್ನೂ, ಅದರ ನೈರುತ್ಯಕ್ಕೆ ಶರಾವತಿಯ ನೀಲಿಯ ನಡುವೆ ಇನ್ನೊಂದು ಚುಕ್ಕೆಯನ್ನೂ ಗುರುತು ಮಾಡಬೇಕೆಂದು ತಿಳಿಸಿರುವೆವು.

ವಾಚಕರ ಮನೆಗಳಲ್ಲಿಯೂ ಇಂತಹ ಹಿರಿಯರೊಬ್ಬರು ಜಗುಲಿಯ ಮೂಲೆಯಲ್ಲಿ ಕುಳಿತಿರಬಹುದು. ಮಕ್ಕಳು ದೂರದಿಂದ ಕೇಳುವುದಕ್ಕೆ ಮುಂಚೆಯೇ ಅವರ ಬಳಿ ಒಂದು ದಿವಸ ಕುಳಿತು ಕೇಳಿ ಬರೆದುಕೊಳ್ಳಿರೆಂದು ಬಿನ್ನವಿಸುವೆವು. ಭರಣಿಯು ಈಗ ನಮ್ಮ ಅಡಿಗೆಮನೆಯ ಕಪಾಟಿನಲ್ಲಿದೆ. ಶ್ರಾವಣದಲ್ಲಿ ಮಗಳು ಬರುವಳು; ಅಲ್ಲಿಯವರೆಗೆ ಅದರ ಬಾಯಿಬಟ್ಟೆಯನ್ನು ಬಿಚ್ಚಕೂಡದೆಂದು ಮನೆಯಾಕೆಯ ಕಟ್ಟಪ್ಪಣೆಯಾಗಿದೆ.