ಕಬ್ಬಿನ ಸೀಮೆಯಲ್ಲಿ ಜೆರೇನಿಯಂ

ಸ್ವಾತಿ ಮಳೆ ಹಿಂದೆ ಬಿದ್ದು, ಬೆಳಗಿನ ಜಾವ ಹೊದಿಕೆ ಎಳೆದುಕೊಳ್ಳುವಂತಾದರೆ ಗೆಜ್ಜಲಗೆರೆಯಲ್ಲಿ ಜೆರೇನಿಯಂ ಕಡ್ಡಿ ಚುಚ್ಚುವ ಕಾಲ ಬಂತೆಂದೇ ಲೆಕ್ಕ. ಊರ ಸುತ್ತ ಗದ್ದೆಗಳಲ್ಲಿ ಭತ್ತ ತೆನೆ ಬಾಗಿರುತ್ತದೆ, ಆಲೆಮನೆಗಳ ಕಡೆಯಿಂದ ಬೆಲ್ಲದ ಪಾಕದ ವಾಸನೆ ಬರುತ್ತಿರುತ್ತದೆ, ಮನ್‌ಮುಲ್ ಡೇರಿಗೆ ಹಾಲಿನ ಟ್ಯಾಂಕರುಗಳು ಹೋಗಿಬಂದು ಮಾಡುತ್ತಿರುತ್ತವೆ. ನನ್ನ ಗಮನವೆಲ್ಲ ಪೂರ್ವಕ್ಕೆ ಮುಖಮಾಡಿದ ನಮ್ಮ ಜಗಲಿಯ ಕುಂಡಗಳ ಮೇಲೆ.

ಇದು ನಮ್ಮ ಬಯಲಿನ ಗಿಡವಲ್ಲ, ಒಪ್ಪುತ್ತೇನೆ. ಊಟಿ, ಕೊಡೈಕನಾಲ್‌ಗಳಲ್ಲಿ ಕಿಟಕಿಯಡಿಯಲ್ಲಿ ಯಾರ ಆರೈಕೆಯೂ ಇಲ್ಲದೆ ವರ್ಷವಿಡೀ ಅರಳುತ್ತದೆ. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ಬೆಂಗಳೂರಿನಲ್ಲೂ ಹೇಗೋ ನಡೆದುಹೋಗುತ್ತದೆ. ನಮ್ಮ ಮದ್ದೂರು, ಮಂಡ್ಯದ ಸೀಮೆ 650ರಿಂದ 700 ಮೀಟರಿನದು. ಈ ಇನ್ನೂರು ಚಿಲ್ಲರೆ ಮೀಟರಿನ ವ್ಯತ್ಯಾಸ ಮನುಷ್ಯರಿಗೆ ಅಷ್ಟಾಗಿ ತಿಳಿಯುವುದಿಲ್ಲ, ಜೆರೇನಿಯಂಗೆ ಚೆನ್ನಾಗಿ ತಿಳಿಯುತ್ತದೆ. ಹಗಲಿನ ಶಾಖ 30 ಡಿಗ್ರಿ ದಾಟುತ್ತ ಹೋದಂತೆ ಹೂಗೊಂಚಲು ಸಣ್ಣದಾಗುತ್ತದೆ, ಎಲೆ ಬಿಳಿಚಿಕೊಳ್ಳುತ್ತದೆ, ಬುಡ ಬೋಳಾಗುತ್ತದೆ. ಹಾಗಾಗಿ ಇಲ್ಲಿ ಒಂದು ಜೆರೇನಿಯಂ ಗಿಡವನ್ನು ಇಟ್ಟುಕೊಳ್ಳುವುದು ಎಂಬುದೇ ಇಲ್ಲ. ಮುದಿಯಾಗುವ ಮೊದಲೇ ಕುಡಿ ಕುಯ್ದು, ಹೊಸ ಗಿಡ ಮಾಡಿ, ಅದರಿಂದ ಮತ್ತೆ ಕುಡಿ ಕುಯ್ಯುತ್ತ ಹೋಗಬೇಕು. ನನಗೆ ಈ ಗಿಡದ ಮೇಲೆ ಪ್ರೀತಿ ಹುಟ್ಟಿದ್ದೇ ಈ ಕೆಲಸದಿಂದ. ಹೂವು ಆಮೇಲಿನ ಮಾತು.

"ಮುಡಿಯೋಕೆ ಬರಲ್ಲ, ದೇವರಿಗೆ ಏರಿಸೋಕೆ ಬರಲ್ಲ, ಯಾಕಕ್ಕ ಇದುನ್ನ ಬೆಳೀತೀರ?" ಎಂದು ಪಕ್ಕದ ಮನೆಯ ಹುಡುಗಿ ಕೇಳುತ್ತಾಳೆ. ನ್ಯಾಯವಾದ ಪ್ರಶ್ನೆ. ಕನಕಾಂಬರ, ಕಾಕಡ, ಸೇವಂತಿಗೆ ಬೆಳೆದರೆ ಮಾರಿಗೆ ಇಷ್ಟೆಂದು ದುಡ್ಡು ಬರುವ ಊರಿದು. ನಾನು ಅವಳ ಕೈಗೆ ಒಂದು ಎಲೆ ಕೊಟ್ಟು ಮೆಲ್ಲಗೆ ಉಜ್ಜಲು ಹೇಳುತ್ತೇನೆ. ದುಂಡನೆಯ ಎಲೆ, ಅಂಚು ಅಲೆಅಲೆ, ಮೈಮೇಲೆ ಸಣ್ಣ ರೋಮ, ನಡುವೆ ಲಾಳದಾಕಾರದ ಕಂದು ಪಟ್ಟೆ. ಉಜ್ಜಿದರೆ ಬರುವ ಘಾಟು ಸುವಾಸನೆಯೂ ಅಲ್ಲ, ದುರ್ವಾಸನೆಯೂ ಅಲ್ಲ. ಕೆಲವರು ಮೂಗು ಮುರಿಯುತ್ತಾರೆ, ಕೆಲವರು ಇನ್ನೊಮ್ಮೆ ಮೂಸುತ್ತಾರೆ. ಇನ್ನೊಮ್ಮೆ ಮೂಸಿದವರು ಕಡ್ಡಿ ಕೇಳದೆ ಹೋಗುವುದಿಲ್ಲ.

ನಾವೆಲ್ಲ ಜೆರೇನಿಯಂ ಎನ್ನುವ ಈ ಕುಂಡದ ಗಿಡ ಸಸ್ಯಶಾಸ್ತ್ರದಲ್ಲಿ ಪೆಲಾರ್ಗೋನಿಯಂ. ಲಿನೇಯಸ್ ಇದನ್ನೂ ನಿಜವಾದ ಜೆರೇನಿಯಂಗಳನ್ನೂ ಒಂದೇ ಕುಲದಲ್ಲಿ ಇಟ್ಟಿದ್ದ. 1789ರಲ್ಲಿ ಫ್ರಾನ್ಸಿನ ಲೆರಿಟಿಯೆ ಬೇರೆ ಮಾಡಿದ. ಅಷ್ಟರೊಳಗೆ ಜನ ಹಳೆಯ ಹೆಸರಿಗೇ ಒಗ್ಗಿಹೋಗಿದ್ದರು. ತವರು ದಕ್ಷಿಣ ಆಫ್ರಿಕಾದ ಕೇಪ್ ಸೀಮೆ. ಈ ಕುಲದ ಒಂದು ಗಿಡದ ಬೀಜವನ್ನು 1631ರಲ್ಲಿ ಜಾನ್ ಟ್ರೇಡ್‌ಸ್ಕಂಟ್ ಎಂಬ ತೋಟಗಾರ ಪ್ಯಾರಿಸ್ಸಿನಿಂದ ಇಂಗ್ಲೆಂಡಿಗೆ ಒಯ್ದ. ನಮ್ಮ ಜಗಲಿಯ ಪಟ್ಟೆ ಎಲೆಯ ಜಾತಿ ಕೇಪಿನ ಕಾಡುಗಿಡಗಳು ಯುರೋಪಿನ ತೋಟಗಳಲ್ಲಿ ಬೆರಕೆಯಾಗಿ ಹುಟ್ಟಿದ್ದು. ತವರಿನ ಗುಣ ಇನ್ನೂ ಬಿಟ್ಟಿಲ್ಲ. ಕೇಪಿನ ಪಶ್ಚಿಮ ಭಾಗದಲ್ಲಿ ಮಳೆ ಬೀಳುವುದು ಚಳಿಗಾಲದಲ್ಲಿ, ಬೇಸಿಗೆ ಒಣಗಾಲ. ಅದಕ್ಕೇ ಇದರ ಕಾಂಡ ದಪ್ಪ, ಒಳಗೆ ನೀರು ಕೂಡಿಟ್ಟುಕೊಂಡಿರುತ್ತದೆ. ನಾಲೆ ನೀರಿನ ಸೀಮೆಯ ನಮಗೆ ನೀರು ಹಾಯಿಸುವುದೇ ಪ್ರೀತಿ. ಈ ಗಿಡಕ್ಕೆ ಆ ಪ್ರೀತಿ ಆಗದು.

ಕಡ್ಡಿ ಕುಯ್ಯುವ ವಿದ್ಯೆ ನಮ್ಮ ಜನಕ್ಕೆ ಯಾರೂ ಕಲಿಸಬೇಕಾಗಿಲ್ಲ. ಮಂಡ್ಯದಲ್ಲಿ ಮೈಶುಗರ್ ಕಾರ್ಖಾನೆ 1933ರಲ್ಲಿ ಶುರುವಾದಾಗಿನಿಂದ ಇಲ್ಲಿನ ಮನೆಮನೆಯಲ್ಲೂ ಕಬ್ಬಿನ ತುಂಡು ಕಡಿದ ಕೈಗಳಿವೆ. ನಮ್ಮ ದೊಡ್ಡವ್ವನ ಕೈ ಅಂಥದ್ದು. ಮಚ್ಚು ಹಿಡಿದು ಬಿತ್ತನೆ ಕಬ್ಬಿನ ಕಣ್ಣಿಗೆ ಪೆಟ್ಟಾಗದ ಹಾಗೆ ಎರಡು ಗಿಣ್ಣಿನ ನಡುವೆ ಕಡಿದು ಗುಡ್ಡೆ ಹಾಕುತ್ತಿದ್ದಳು. ನಾನು ಬ್ಲೇಡು ಹಿಡಿದು ಕೂತಿದ್ದನ್ನು ನೋಡಿ ಜೆರೇನಿಯಂ ಕೊಂಬೆಯನ್ನು ಬೆರಳಲ್ಲಿ ತಡವಿ, "ಇದ್ಕೂ ಗಿಣ್ಣೈತಲ್ಲವ್ವ! ಗಿಣ್ಣಲ್ಲೇ ಕಣವ್ವ ಜೀವ ಇರಾದು, ನೋಡ್ಕಂಡ್ ಕುಯ್ಯಿ" ಎಂದಳು. ತೋಟಗಾರಿಕೆಯ ಪುಸ್ತಕ ಪುಟಗಟ್ಟಲೆ ಹೇಳುವುದೂ ಇದನ್ನೇ.

ಆದರೆ ಕಬ್ಬಿಗೂ ಇದಕ್ಕೂ ಎರಡು ಕಡೆ ದಾರಿ ಬೇರೆಯಾಗುತ್ತದೆ. ಕಬ್ಬನ್ನು ಗಿಣ್ಣಿನ ಆಚೆ ಈಚೆ ಒಂದಿಷ್ಟು ಬಿಟ್ಟು ಕಡಿಯುತ್ತಾರೆ, ಆ ರಸವೇ ಮೊಳಕೆಗೆ ಬುತ್ತಿ. ಜೆರೇನಿಯಂನಲ್ಲಿ ಗಿಣ್ಣಿನ ಕೆಳಗೆ ಉಳಿದ ತುಂಡು ಕೊಳೆಯುತ್ತದೆ. ಆದ್ದರಿಂದ ಗಿಣ್ಣಿಗೆ ತೀರ ಹತ್ತಿರ, ಅದರ ಕೆಳಗೇ ಕುಯ್ಯಬೇಕು. ಇನ್ನೊಂದು, ಕಬ್ಬಿನ ತುಂಡನ್ನು ಹಸಿ ಸಾಲಿಗೆ ಹಾಕಿ ನೀರು ಕಟ್ಟುತ್ತಾರೆ. ಇದನ್ನು ಕುಯ್ದ ಕೂಡಲೇ ನೆಡಬಾರದು. ಬೆಳಿಗ್ಗೆ ಕುಯ್ದಿದ್ದನ್ನು ನೆರಳಲ್ಲಿ ಹಾಗೇ ಬಿಟ್ಟರೆ ಸಂಜೆಯ ಹೊತ್ತಿಗೆ ಗಾಯದ ಬಾಯಿ ಒಣಗಿ ತೆಳುವಾದ ಪೊರೆ ಕಟ್ಟುತ್ತದೆ. ಎಲೆ ಸ್ವಲ್ಪ ಬಾಡಿದರೂ ಗಾಬರಿ ಬೇಡ. ಮೂರು ನಾಲ್ಕು ಅಂಗುಲದ ಕುಡಿ ಸಾಕು. ತುದಿಯ ಎರಡು ಮೂರು ಎಲೆ ಬಿಟ್ಟು ಉಳಿದಿದ್ದನ್ನು ತೆಗೆಯಬೇಕು. ಮೊಗ್ಗಿದ್ದರೆ ಚಿವುಟಲೇಬೇಕು. ಅಲ್ಲಿ ಎಲ್ಲರ ಕೈ ಹಿಂಜರಿಯುತ್ತದೆ. ಆದರೆ ಕಡ್ಡಿಯ ಶಕ್ತಿಯೆಲ್ಲ ಮೊಗ್ಗಿಗೆ ಹೋದರೆ ಬೇರಿಗೆ ಏನೂ ಉಳಿಯುವುದಿಲ್ಲ.

ಚುಚ್ಚಲು ಹೊಲದ ಮಣ್ಣು ಬೇಡ, ಗೊಬ್ಬರವಂತೂ ಬೇಡವೇ ಬೇಡ. ಎಳನೀರಿಗೆ ಹೆಸರಾದ ಮಾರುಕಟ್ಟೆ ಮದ್ದೂರಿನಲ್ಲಿದೆ, ತೆಂಗು ಇಲ್ಲಿ ಹಿತ್ತಲು ಹಿತ್ತಲಲ್ಲೂ ಇದೆ, ನಾರಿನ ಪುಡಿಗೆ ಬರವಿಲ್ಲ. ಅದನ್ನು ನಾಲ್ಕಾರು ನೀರಲ್ಲಿ ತೊಳೆದು ಉಪ್ಪು ಬಿಡಿಸಿ, ಅಷ್ಟೇ ಪ್ರಮಾಣದ ದಪ್ಪ ಮರಳು ಬೆರೆಸುತ್ತೇನೆ. ತುಂಬಿಸುವುದು ನಂದಿನಿ ಹಾಲಿನ ಖಾಲಿ ಕವರಿಗೆ. ಡೇರಿಯ ಊರಲ್ಲಿ ಇದಕ್ಕಿಂತ ಒಳ್ಳೆಯ ಕುಂಡ ಎಲ್ಲಿ ಸಿಗಬೇಕು? ತಳಕ್ಕೆ ಮೊಳೆಯಲ್ಲಿ ತೂತು ಹೊಡೆದು, ಪೆನ್ಸಿಲಿನಲ್ಲಿ ಗುಳಿ ಮಾಡಿ, ಕಡ್ಡಿ ಇಳಿಸಿ, ಸುತ್ತ ಬೆರಳಲ್ಲಿ ಒತ್ತಿ, ಒಂದು ಸಲ ನೀರು ಹಾಕಿ ಸುಮ್ಮನಾಗಬೇಕು. ದಾಸವಾಳದ ಕಡ್ಡಿಗೆ ಹಾಕುವಂತೆ ಪ್ಲಾಸ್ಟಿಕ್ ಮುಚ್ಚಬಾರದು, ರೋಮದ ಎಲೆಗೆ ತೇವ ಕೂತರೆ ಬೂಷ್ಟು ಹಿಡಿಯುತ್ತದೆ. ಬುಡ ಕಪ್ಪಾಗಿ ಮೆತ್ತಗಾದರೆ ಅದು ಪಿಥಿಯಂ ಎಂಬ ಶಿಲೀಂಧ್ರದಂಥ ಜೀವಿಯ ಕೆಲಸ, ನೀರು ಹೆಚ್ಚಾದಲ್ಲೇ ಅದು ಬಲಿಯುವುದು. ಅಂಥ ಕಡ್ಡಿಯನ್ನು ಕವರಿನ ಸಮೇತ ದೂರ ಎಸೆಯುವುದೇ ಸರಿ.

ಆಮೇಲೆ ಎರಡರಿಂದ ನಾಲ್ಕು ವಾರ. ಮೇಲಿಂದ ಏನೂ ಕಾಣುವುದಿಲ್ಲ. ಹಳೆಯ ಎಲೆಯೊಂದು ಹಳದಿಯಾಗಿ ಉದುರುತ್ತದೆ, ಅದು ಕೆಟ್ಟ ಸುದ್ದಿಯೇನಲ್ಲ. ನಡುವೆ ಮಡಿಚಿಕೊಂಡಿದ್ದ ಎಳೆ ಎಲೆ ಒಂದು ಬೆಳಿಗ್ಗೆ ಉಗುರಗಲ ಬಿಚ್ಚಿರುತ್ತದೆ. ಕಡ್ಡಿಯನ್ನು ಎರಡು ಬೆರಳಲ್ಲಿ ಹಿಡಿದು ತುಸು ಮೇಲಕ್ಕೆ ಜಗ್ಗಿದರೆ ಕೆಳಗಿನಿಂದ ಯಾರೋ ಹಿಡಿದುಕೊಂಡಂತೆ ಬಿಗಿ ಸಿಗುತ್ತದೆ. "ಹತ್ಕೊಂಡ್ತು" ಎಂದು ನಾನು ಜೋರಾಗಿಯೇ ಹೇಳಿಬಿಡುತ್ತೇನೆ. ಆ ಬಿಗಿ ಬೆರಳಿಗೆ ತಾಗುವ ಖುಷಿಯನ್ನು ಜನವರಿಯಲ್ಲಿ ಅರಳುವ ಕೆಂಪು ಗೊಂಚಲೂ ಕೊಡುವುದಿಲ್ಲ.

ಯೋಚಿಸಿದರೆ ಇನ್ನೂ ಒಂದು ಸೋಜಿಗವಿದೆ. ನಮ್ಮ ಸೀಮೆಯ ರೈತರಿಗೆ ಚಿರಪರಿಚಿತವಾದ ಕೊಯಮತ್ತೂರಿನ ಕಬ್ಬಿನ ತಳಿ ಕೋ 62175. ಅದರ ಸಂಖ್ಯೆಯ ಮೊದಲೆರಡು ಅಂಕಿ 1962ನ್ನು ಸೂಚಿಸುತ್ತವೆ. ಅಂದು ಬೀಜದಿಂದ ಹುಟ್ಟಿದ ಒಂದೇ ಒಂದು ಸಸಿಯ ತುಂಡಿನ ತುಂಡಿನ ತುಂಡೇ ಇಂದಿಗೂ ಗದ್ದೆಯಲ್ಲಿ ನಿಂತಿರುವುದು. ಅದು ಆ ಸಸಿಯ ಮಕ್ಕಳು ಮೊಮ್ಮಕ್ಕಳಲ್ಲ, ಆ ಸಸಿಯೇ. ನನ್ನ ಕೆಂಪು ಜೆರೇನಿಯಂ ಕೂಡ ಹಾಗೆಯೇ. ಬೆಂಗಳೂರಿನ ನೆಂಟರ ಮನೆಯಿಂದ ಒದ್ದೆ ಪೇಪರಿನಲ್ಲಿ ಸುತ್ತಿ, ರೈಲಿನಲ್ಲಿ ಮದ್ದೂರಿಗೆ ತಂದ ಕುಡಿಗೆ ಅದಕ್ಕೂ ಹಿಂದೆ ಎಷ್ಟೋ ಜಗಲಿಗಳ ಋಣವಿದೆ. ಗಿಡಕ್ಕೆ ವಯಸ್ಸಾಗುತ್ತದೆ, ಆದರೆ ಕೈಯಿಂದ ಕೈಗೆ ದಾಟುತ್ತಿರುವವರೆಗೆ ಅದರ ಜೀವಕ್ಕೆ ವಯಸ್ಸಾಗುವುದಿಲ್ಲ.

ಹೊಸದು ಬೇಕೆಂದರೆ ಬೀಜಕ್ಕೇ ಹೋಗಬೇಕು. ಈ ಹೂವಿನಲ್ಲಿ ಪರಾಗ ಮೊದಲು ಉದುರಿಹೋಗುತ್ತದೆ, ಶಲಾಕೆ ಆಮೇಲೆ ಐದು ಎಸಳಾಗಿ ಬಿರಿಯುತ್ತದೆ. ತನ್ನದೇ ಪರಾಗ ತನಗೆ ದಕ್ಕುವುದು ಅಪರೂಪ. ಸಣ್ಣ ಬ್ರಷ್ಷಿನಲ್ಲಿ ಹೊಸದಾಗಿ ಬಿರಿದ ಹೂವಿನ ಪರಾಗ ಎತ್ತಿ ಹಳೆಯ ಹೂವಿನ ಆ ಐದು ಎಸಳಿಗೆ ಸವರಿದರೆ ಚೂಪಾದ ನೀಳ ಕಾಯಿ ಕಟ್ಟುತ್ತದೆ. ಬಲಿತ ದಿನ ಅದು ಬುಡದಿಂದ ಬಿಡಿಸಿಕೊಂಡು ಐದು ಸೀಳಾಗುತ್ತದೆ. ಒಂದೊಂದು ಸೀಳಿಗೂ ಒಂದು ಬೀಜ, ಬೀಜಕ್ಕೊಂದು ರೇಷ್ಮೆಯೆಳೆಯ ಬಾಲ. ಆ ಬಾಲ ಒಣಹವೆಯಲ್ಲಿ ಸುರುಳಿ ಸುತ್ತುತ್ತದೆ, ತೇವ ತಾಗಿದರೆ ಬಿಚ್ಚುತ್ತದೆ, ಸುತ್ತಿ ಬಿಚ್ಚಿ ಬೀಜವನ್ನು ತಾನೇ ನೆಲಕ್ಕೆ ತಿರುಪುತ್ತದೆ. ಅಂಗೈಯಲ್ಲಿಟ್ಟು ಬಾಯಿಯ ಹಬೆ ಊದಿದರೆ ಅದು ಮೆಲ್ಲಗೆ ಹೊರಳುವುದು ಕಾಣುತ್ತದೆ. ಮಕ್ಕಳಿಗೆ ತೋರಿಸಲೇಬೇಕಾದ್ದು. ಬೀಜದ ಸಿಪ್ಪೆ ಗಟ್ಟಿ, ಉಪ್ಪುಕಾಗದದಲ್ಲಿ ಒಂದೆರಡು ಸಲ ಉಜ್ಜಿ ಬಿತ್ತಿದರೆ ವಾರ ಹತ್ತು ದಿನಕ್ಕೆ ಮೊಳೆಯುತ್ತದೆ. ಬೀಜದ ಗಿಡ ಹೂ ಬಿಡಲು ನಾಲ್ಕು ತಿಂಗಳಾದರೂ ಬೇಕು, ತಾಯಿಯ ಬಣ್ಣವೇ ಬರುತ್ತದೆಂಬ ಖಾತರಿಯಿಲ್ಲ. ಬೀಜದಿಂದಲೂ ಬಣ್ಣ ತಪ್ಪದ ತಳಿಯನ್ನು ಅಮೆರಿಕದ ಪೆನ್ಸಿಲ್ವೇನಿಯ ರಾಜ್ಯ ವಿಶ್ವವಿದ್ಯಾಲಯದವರು ಹೊರತಂದಿದ್ದು 1960ರ ದಶಕದಲ್ಲಷ್ಟೇ. ನನಗೆ ಆ ಖಾತರಿಗಿಂತ ಯಾವ ಬಣ್ಣ ಬಂದೀತೋ ಎಂಬ ಕಾತರವೇ ಇಷ್ಟ.

ಎಲೆಯಲ್ಲೇ ಗುಲಾಬಿಯ ಕಂಪಿರುವ ಇನ್ನೊಂದು ಜಾತಿಯೂ ನನ್ನಲ್ಲಿದೆ. ನೀಲಗಿರಿ, ಕೊಡೈಕನಾಲ್ ಬೆಟ್ಟಗಳಲ್ಲಿ ಅದನ್ನು ಎಣ್ಣೆಗಾಗಿ ಬೆಳೆಯುತ್ತಾರೆ. ಹೂವಿನಿಂದಲ್ಲ, ಎಲೆ ಮತ್ತು ಎಳೆ ಕುಡಿಗೆ ಹಬೆ ಹಾಯಿಸಿ ಎಣ್ಣೆ ತೆಗೆಯುವುದು. ಲಖನೌದ ಸೀಮ್ಯಾಪ್ ಸಂಸ್ಥೆಯವರು ಉತ್ತರದ ಬಯಲಿನ ರೈತರಿಗೂ ಇದನ್ನು ಕಲಿಸಿದ್ದಾರೆ. ಅಲ್ಲಿಯೂ ತೊಡಕು ತಾಯಿ ಗಿಡದ್ದೇ. ಮಳೆಗಾಲದಲ್ಲಿ ಅದು ಕೊಳೆತುಹೋಗುತ್ತದೆಂದು ಕಡಿಮೆ ಖರ್ಚಿನ ಪ್ಲಾಸ್ಟಿಕ್ ಚಪ್ಪರದಡಿ ಉಳಿಸಿಕೊಂಡು, ಮುಂದಿನ ಹಂಗಾಮಿಗೆ ಅದರಿಂದಲೇ ಕಡ್ಡಿ ಮಾಡುತ್ತಾರೆ. ಯುರೋಪಿನವರು ಹಿಮಕ್ಕೆ ಹೆದರಿ ಕಡ್ಡಿಗಳನ್ನು ಮನೆಯೊಳಗೆ ಇಟ್ಟುಕೊಳ್ಳುತ್ತಾರೆ. ನಮಗೆ ಹೆದರಿಕೆ ಚೈತ್ರ ವೈಶಾಖದ್ದು. ಯುಗಾದಿ ಕಳೆಯುತ್ತಲೇ ನಾನು ತಾಯಿ ಗಿಡಗಳನ್ನು ಗೇಣುದ್ದಕ್ಕೆ ಸವರಿ, ತೆಂಗಿನ ನೆರಳಿನಲ್ಲಿ ಒದ್ದೆ ಮರಳಿನ ಮೇಲೆ ಕೂರಿಸುತ್ತೇನೆ. ಗೊಬ್ಬರ ನಿಲ್ಲಿಸಿ, ಮಣ್ಣು ಒಣಗಿದ್ದನ್ನು ಬೆರಳಿಟ್ಟು ನೋಡಿದ ಮೇಲೆಯೇ ನೀರು. ಬೋರಿನ ಗಡಸು ನೀರಿಗಿಂತ ಹಿಡಿದಿಟ್ಟ ಮಳೆ ನೀರು ಮೇಲು. ಮೃಗಶಿರ, ಆರಿದ್ರೆ ಮಳೆಗೆ ಹವೆ ತಂಪಾದರೆ ಆ ಮೋಟುಗಳು ಕೂಳೆ ಕಬ್ಬಿನಂತೆ ಬುಡದಿಂದ ಚಿಗುರುತ್ತವೆ. ಆ ಚಿಗುರೇ ಮುಂದಿನ ಕಾರ್ತಿಕದ ಕಡ್ಡಿ.

ಬೇಕಾದವರು ದೀಪಾವಳಿ ಕಳೆದ ವಾರ ಬನ್ನಿ. ಕೆಂಪು, ಬಿಳಿ, ತಿಳಿಗುಲಾಬಿ ಮೂರೂ ಕೊಡುತ್ತೇನೆ. ಕಂಪಿನ ಎಲೆಯದು ಎಷ್ಟಾದರೂ ಇದೆ. ಬರುವಾಗ ಅರ್ಧ ಲೀಟರಿನ ಹಾಲಿನ ಕವರ್ ತೊಳೆದು ತನ್ನಿ. ಲೀಟರಿನದು ಬೇಡ, ಅದರಲ್ಲಿ ತೇವ ಬೇಗ ಆರುವುದಿಲ್ಲ, ಕಡ್ಡಿಯ ಬುಡ ಕಪ್ಪಾಗುತ್ತದೆ.