ಹವಳದ ಪಥ್ಯ

'ಲಂಘನಂ ಪರಮೌಷಧಂ' ಎಂದು ಹಿರಿಯರು ಹೇಳಿದ್ದು ಮನುಷ್ಯರಿಗೆ, ಹವಳಕ್ಕಲ್ಲ. ಅಮೆರಿಕದಲ್ಲಿ ನನ್ನ ಮಗಳು ಸಾಕಿರುವ ಹವಳದ ತೊಟ್ಟಿಯಲ್ಲಿ, ಮೀನಿನ ಮೇವಿನಿಂದ ಬರುವ ಫಾಸ್ಫೇಟು ಲೀಟರಿಗೆ 0.5 ಮಿಲಿಗ್ರಾಂ ಮುಟ್ಟಿತ್ತು. ಹೆಚ್ಚಾದರೆ ಕಲ್ಲಿಗೆ ಪಾಚಿ ಹಬ್ಬಿ ಹವಳದ ಬೆಳವಣಿಗೆ ಕುಂದುತ್ತದೆ, 0.1ಕ್ಕೆ ಇಳಿದರೆ ಕ್ಷೇಮವಂತೆ.

"ಒಂದೇ ದಿನದಲ್ಲಿ ಇಳಿಸಿಬಿಡಬಾರದೇನೆ?" ಎಂದೆ.

"ಬೇಡಪ್ಪ, ಹವಳವೇ ಸತ್ತೀತು" ಎಂದಳು.

ಹವಳದ ಒಡಲಲ್ಲಿದ್ದು ಅದಕ್ಕೆ ಉಣಿಸುವ ಸೂಕ್ಷ್ಮ ಪಾಚಿಗೂ ಫಾಸ್ಫೇಟು ಬೇಕು. ಅದಕ್ಕೇ ಮೇವು ತಗ್ಗಿಸಿ, ವಾರವಾರ ಒಂದಿಷ್ಟು ನೀರು ಬದಲಿಸಿ, ಫಾಸ್ಫೇಟು ಹೀರುವ ಕಬ್ಬಿಣದ ಆಕ್ಸೈಡಿನ ಹರಳನ್ನು ಸ್ವಲ್ಪಸ್ವಲ್ಪವೇ ಇಡುತ್ತಾಳೆ. ನೀರಿನಲ್ಲಿ ಇಳಿದೊಡನೆ ಸುಣ್ಣಕಲ್ಲು ಹಿಂದೆ ಹೀರಿದ್ದನ್ನು ಕಕ್ಕುತ್ತದೆ, ಮತ್ತೆ ಅಳೆಯುತ್ತಾಳೆ. ಸೊನ್ನೆಗೆ ಮಾತ್ರ ಇಳಿಸುವುದಿಲ್ಲ.

ಎರಡು ತಿಂಗಳಿಗೆ ಅಂಕಿ 0.2ಕ್ಕೆ ಬಂದಿದೆ, ಹವಳ ಬದುಕಿದೆ. ಅವಸರದ ವೈದ್ಯ ಈ ಎರಡನೆಯ ಮಾತು ಹೇಳಲಾರ.