ತಾತನ ಎಡೆಗೆ ಕೊಬ್ಬರಿ ಮಿಠಾಯಿ

ಮದ್ದೂರಿನ ಹತ್ತಿರದ ಒಂದು ಹಳ್ಳಿ. ಅಲ್ಲಿ ನಿವೃತ್ತ ಪೋಸ್ಟ್‌ಮ್ಯಾನ್ ಒಬ್ಬರ ಮನೆ. ಏಳು ವರ್ಷದ ಮೊಮ್ಮಗಳನ್ನು ಸೈಕಲ್ಲಿನಲ್ಲಿ ಕೂರಿಸಿಕೊಂಡು ಬೆಳಿಗ್ಗೆ ಶಾಲೆಗೆ ಬಿಡುವುದು, ಸಂಜೆ ಕರೆತರುವುದು ಅವರ ಕೆಲಸ. ಪೆನ್ಶನ್ ಬಂದ ಮೇಲೂ ತಾತನಿಗೆ ಡ್ಯೂಟಿ ತಪ್ಪಲಿಲ್ಲ ಎಂದು ಮನೆಯವರು ತಮಾಷೆ ಮಾಡುತ್ತಿದ್ದರು. ಶನಿವಾರ ಮಾತ್ರ ಇಬ್ಬರೂ ಮನೆಗೆ ಬರುವುದು ಕೊಂಚ ತಡವಾಗುತ್ತಿತ್ತು. ಅದರ ಗುಟ್ಟು ಅವರಿಬ್ಬರಿಗೇ ಗೊತ್ತು.

ಒಂದು ಶ್ರಾವಣದ ಬೆಳಗಿನ ಜಾವ ತಾತ ಹೃದಯಾಘಾತದಿಂದ ತೀರಿಕೊಂಡರು. ಮಗು ಹೆದರಿಕೊಂಡೀತೆಂದು ನಿದ್ದೆಗಣ್ಣಿನಲ್ಲೇ ಅವಳನ್ನು ಎತ್ತಿಕೊಂಡು ಹೋಗಿ ಪಕ್ಕದ ಬೀದಿಯ ಪರಿಚಿತರ ಮನೆಯಲ್ಲಿ ಬಿಟ್ಟರು. ಸಂಜೆ ಮರಳಿದಾಗ ಹಜಾರದ ಮಂಚ ಖಾಲಿಯಾಗಿತ್ತು. ಸೈಕಲ್ಲು ಮಾತ್ರ ಗೋಡೆಗೆ ಒರಗಿ ನಿಂತಿತ್ತು. ‘ತಾತ ಎಲ್ಲಿ?’ ಎಂದಳು. ‘ಊರಿಗೆ ಹೋಗವ್ರೆ ಕಣವ್ವ’ ಎಂದರು ಒಬ್ಬರು. ‘ದೇವ್ರು ಕರ್ಕೊಂಡ’ ಎಂದರು ಇನ್ನೊಬ್ಬರು. ‘ಮಲಗವ್ರೆ, ಇನ್ನು ಏಳಾಕಿಲ್ಲ’ ಎಂದು ಮತ್ತೊಬ್ಬರು ಕಣ್ಣೊರೆಸಿಕೊಂಡರು.

ಮೂರೂ ಪ್ರೀತಿಯಿಂದ ಆಡಿದ ಮಾತುಗಳೇ. ಆದರೆ ಮಗು ಮಾತನ್ನು ಇದ್ದಂತೆಯೇ ನಂಬುತ್ತದೆ. ಊರಿಗೆ ಹೋದವರು ಬರಲೇಬೇಕಲ್ಲ ಎಂದು ಶನಿವಾರ ಶಾಲೆಯ ಗೇಟಿನ ಬಳಿ ಒಬ್ಬಳೇ ನಿಂತು ಕಾದಳು. ಮಲಗಿದವರು ಏಳುವುದಿಲ್ಲ ಎಂದಾದರೆ ಮಲಗುವುದೇ ಅಪಾಯವಲ್ಲವೇ? ರಾತ್ರಿ ಅಮ್ಮನ ಸೆರಗು ಹಿಡಿದುಕೊಂಡು ಕಣ್ಣು ಬಿಟ್ಟುಕೊಂಡೇ ಇರತೊಡಗಿದಳು.

ಮಕ್ಕಳು ಸಾವನ್ನು ಹೇಗೆ ಅರ್ಥ ಮಾಡಿಕೊಳ್ಳುತ್ತಾರೆ ಎಂಬುದನ್ನು ಹಂಗೇರಿಯ ಮನಃಶಾಸ್ತ್ರಜ್ಞೆ ಮರಿಯಾ ನಾಗಿ ಬಹಳ ಹಿಂದೆಯೇ ಅಧ್ಯಯನ ಮಾಡಿದ್ದರು. 3ರಿಂದ 10 ವರ್ಷದವರೆಗಿನ 378 ಮಕ್ಕಳನ್ನು ಮಾತನಾಡಿಸಿ ಅವರು ಕಂಡುಕೊಂಡದ್ದು 1948ರಲ್ಲಿ ಪ್ರಕಟವಾಯಿತು. ಐದು ವರ್ಷದೊಳಗಿನ ಮಕ್ಕಳಿಗೆ ಸಾವೆಂದರೆ ನಿದ್ದೆ ಅಥವಾ ಪ್ರಯಾಣ. ಅದಕ್ಕಿಂತ ದೊಡ್ಡ ಮಕ್ಕಳಿಗೆ ಅದು ಯಾರೋ ಬಂದು ಹಿಡಿದೊಯ್ಯುವ ವ್ಯಕ್ತಿಯಂತೆ. ಎಲ್ಲರಿಗೂ ಬರುವ, ತಪ್ಪಿಸಲಾಗದ ಕೊನೆ ಅದು ಎಂಬ ತಿಳಿವಳಿಕೆ ಮೂಡುವುದು ಒಂಬತ್ತರ ಸುಮಾರಿಗೆ. ಈಗಿನ ಮಕ್ಕಳು ಇನ್ನೂ ಬೇಗ ತಿಳಿಯಬಹುದು. ಆದರೂ ‘ಊರಿಗೆ ಹೋದರು’, ‘ಮಲಗಿದರು’ ಎಂಬ ಮಾತುಗಳು ಎಳೆಯ ಮನಸ್ಸನ್ನು ಹೇಗೆ ದಿಕ್ಕು ತಪ್ಪಿಸುತ್ತವೆ ಎಂಬುದು ಇದರಿಂದ ಸ್ಪಷ್ಟ.

ಹನ್ನೊಂದನೇ ದಿನದ ತಿಥಿಯ ಹಿಂದಿನ ರಾತ್ರಿ ಅಮ್ಮ ಮನಸ್ಸು ಗಟ್ಟಿ ಮಾಡಿಕೊಂಡು ನಿಜ ಹೇಳಿದಳು. ‘ತಾತ ಸತ್ತೋದ್ರು ಮಗಾ. ಅವ್ರ ಎದೆ ಬಡ್ಕೊಳ್ಳೋದು ನಿಂತೋಯ್ತು. ಇನ್ನು ಬರಲ್ಲ. ನಿದ್ದೆ ಮಾಡೋದೇ ಬೇರೆ, ಸಾಯೋದೇ ಬೇರೆ.’ ಹುಡುಗಿ ಬಿಕ್ಕಿ ಬಿಕ್ಕಿ ಅತ್ತಳು. ತಾಯಿಯೂ ಅತ್ತಳು. ಅಂದು ರಾತ್ರಿ ಮಗು ನಿದ್ದೆ ಮಾಡಿತು.

ಮರುದಿನ ತಿಥಿಗೆ ಬಂದವರ ನಡುವೆಯೇ ಅವಳು ಅಂಗಳದಲ್ಲಿ ಕುಂಟೆಬಿಲ್ಲೆ ಆಡುತ್ತಿದ್ದಳು. ‘ಎಷ್ಟು ಬೇಗ ಮರೆತುಬಿಟ್ಟಳು’ ಎಂದು ನೆಂಟರೊಬ್ಬರು ನಿಟ್ಟುಸಿರಿಟ್ಟರು. ಮರೆತದ್ದಲ್ಲ ಅದು. ದೊಡ್ಡವರ ದುಃಖ ಜಡಿಮಳೆಯಂತೆ. ಮಕ್ಕಳದ್ದು ಮಳೆ ಬಿಸಿಲಿನ ಆಟ. ಅಳುತ್ತಾರೆ, ಆಡುತ್ತಾರೆ, ಮತ್ತೆ ಇದ್ದಕ್ಕಿದ್ದಂತೆ ಒಂದು ಪ್ರಶ್ನೆ ಕೇಳುತ್ತಾರೆ.

ಅಂದಿನಿಂದ ಒಂದು ಬದಲಾವಣೆ ಮಾತ್ರ ಹಾಗೆಯೇ ಉಳಿಯಿತು. ಹುಡುಗಿ ಸಿಹಿ ತಿನ್ನುವುದನ್ನು ಬಿಟ್ಟಳು. ಶಾಲೆಯಲ್ಲಿ ಕೊಟ್ಟ ಚಾಕೊಲೇಟು ಅಣ್ಣನ ಪಾಲಾಗುತ್ತಿತ್ತು. ಒಳ್ಳೆಯ ಅಭ್ಯಾಸ, ಹಲ್ಲು ಉಳಿಯಿತು ಎಂದು ಮನೆಯವರು ಸುಮ್ಮನಾದರು.

ವರ್ಷ ತುಂಬಿತು. ಭಾದ್ರಪದ ಬಂತು. ಮಹಾಲಯ ಅಮಾವಾಸ್ಯೆಗೆ ಹಿರಿಯರಿಗೆ ಎಡೆ ಇಡುವುದು ಆ ಸೀಮೆಯ ಪದ್ಧತಿ. ತೀರಿಕೊಂಡವರ ಫೋಟೋ ಇಟ್ಟು, ಹೊಸ ಬಟ್ಟೆ ಇರಿಸಿ, ಬಾಳೆಯೆಲೆಯ ಮೇಲೆ ಅವರಿಗೆ ಇಷ್ಟವಾದದ್ದನ್ನೆಲ್ಲ ಬಡಿಸುತ್ತಾರೆ. ಬೀಡಿ ಸೇದುತ್ತಿದ್ದವರಿಗೆ ಬೀಡಿಯೂ ಉಂಟು. ಹಬ್ಬಕ್ಕೆ ವಾರವಿರುವಾಗ ಅಪ್ಪ ಸಾಮಾನಿನ ಪಟ್ಟಿ ಬರೆಯಲು ಕುಳಿತರು. ‘ತಾತಂಗೆ ಏನೇನು ಇಷ್ಟ, ಒಬ್ಬೊಬ್ರು ಹೇಳ್ರಪ್ಪ’ ಎಂದರು. ಅಮ್ಮ ಹುರುಳಿಕಾಳಿನ ಬಸ್ಸಾರು ಎಂದಳು. ಅಜ್ಜಿ ಎಲೆ ಅಡಿಕೆ ಎಂದರು. ಅಣ್ಣ ‘ಕೊಬ್ಬರಿ ಮಿಠಾಯಿ’ ಎಂದ.

‘ಅದ್ ಇಡ್ಬೇಡಿ!’ ಹುಡುಗಿ ಚೀರಿದಳು. ‘ಅದನ್ನ ತಿಂದೇ ತಾತ ಸತ್ತಿದ್ದು. ನಾನೇ ಕೊಡ್ಸಿದ್ದು!’

ಶನಿವಾರದ ಗುಟ್ಟು ಹೊರಬಿತ್ತು. ಅವಳ ಹಟಕ್ಕೆ ತಾತ ಅಂಗಡಿಯ ಮುಂದೆ ಸೈಕಲ್ಲು ನಿಲ್ಲಿಸಿ ಎರಡು ಮಿಠಾಯಿ ಕೊಳ್ಳುತ್ತಿದ್ದರು, ಅವಳಿಗೊಂದು, ತಮಗೊಂದು. ‘ಅಜ್ಜಿಗೆ ಹೇಳ್ಬ್ಯಾಡ’ ಎಂದು ಕಣ್ಣು ಮಿಟುಕಿಸುತ್ತಿದ್ದರು. ತಿಥಿಯ ದಿನ ಹೆಂಗಸರು ‘ಸಕ್ಕರೆ ಕಾಯಿಲೆನೇ ಅವ್ರನ್ನ ತಿಂದಾಕ್ತು’ ಎಂದು ಮಾತನಾಡಿಕೊಂಡದ್ದು ಕುಂಟೆಬಿಲ್ಲೆ ಆಡುತ್ತಿದ್ದವಳ ಕಿವಿಗೆ ಬಿದ್ದಿತ್ತು. ಒಂದು ವರ್ಷಕ್ಕೂ ಹೆಚ್ಚು ಕಾಲ ಆ ಪುಟ್ಟ ಜೀವ ತಾತನನ್ನು ಕೊಂದವಳು ತಾನೇ ಎಂದು ನಂಬಿಕೊಂಡಿತ್ತು.

ಯಾರೂ ನಗಲಿಲ್ಲ. ‘ಹೋಗೆ ಹುಚ್ಚಿ’ ಎಂದು ತಳ್ಳಿಹಾಕಲಿಲ್ಲ. ಅಜ್ಜಿ ಅವಳನ್ನು ಮಡಿಲಿಗೆ ಎಳೆದುಕೊಂಡರು. ‘ನಂಗೆ ಗೊತ್ತಿತ್ತು ಕಣೆ. ಶನಿವಾರ ನಿಮ್ ತಾತನ ಅಂಗಿ ಜೇಬು ಒದರಿದ್ರೆ ಕೊಬ್ಬರಿ ಚೂರು ಉದುರ್ತಿತ್ತು. ನಾನೂ ಸುಮ್ನಿದ್ದೆ.’ ಮರುದಿನ ಅಪ್ಪ ಅವಳನ್ನು ತಾತನಿಗೆ ಔಷಧ ಕೊಡುತ್ತಿದ್ದ ವೈದ್ಯರ ಬಳಿಗೇ ಕರೆದೊಯ್ದರು. ಸಕ್ಕರೆ ಕಾಯಿಲೆ, ಬೀಡಿಯ ಹೊಗೆ ಎರಡೂ ಸೇರಿ ಹೃದಯದ ರಕ್ತನಾಳಗಳನ್ನು ಹಲವು ವರ್ಷಗಳಲ್ಲಿ ಹೇಗೆ ಕಿರಿದಾಗಿಸುತ್ತವೆ ಎಂದು ಅವರು ಚಿತ್ರ ಬರೆದು ತೋರಿಸಿದರು. ‘ಇದು ನೀನು ಹುಟ್ಟೋಕೆ ಮೊದಲೇ ಶುರುವಾಗಿತ್ತು ಪುಟ್ಟಿ. ವಾರಕ್ಕೊಂದು ಮಿಠಾಯಿಯಿಂದ ಆದದ್ದಲ್ಲ’ ಎಂದರು. ಹುಡುಗಿ ಆ ಚೀಟಿಯನ್ನು ಮಡಿಸಿ ಇಟ್ಟುಕೊಂಡಳು.

ಮಕ್ಕಳಿರುವ ಮನೆಯಲ್ಲಿ ಸಾವಾದಾಗ ಹಿರಿಯರು ನೆನಪಿಡಬೇಕಾದದ್ದು ಇದೇ. ನಿಜವನ್ನು ಸರಳವಾಗಿ, ‘ಸತ್ತರು’ ಎಂಬ ಪದವನ್ನೇ ಬಳಸಿ ಹೇಳಬೇಕು. ಮಗು ಬಯಸಿದರೆ, ಏನು ಕಾಣಿಸುತ್ತದೆಂದು ಮೊದಲೇ ತಿಳಿಸಿ, ಕೈಹಿಡಿದು ಅಂತಿಮ ದರ್ಶನ ಮಾಡಿಸಬಹುದು; ಒತ್ತಾಯ ಸಲ್ಲದು. ತರಗತಿಯ ಶಿಕ್ಷಕರಿಗೂ ಒಂದು ಮಾತು ತಿಳಿಸಿರಬೇಕು. ಎಲ್ಲಕ್ಕಿಂತ ಮುಖ್ಯವಾಗಿ, ‘ಇದು ನಿನ್ನಿಂದ ಆದದ್ದಲ್ಲ’ ಎಂದು ಮಗು ಕೇಳದಿದ್ದರೂ ಹೇಳಬೇಕು. ತಾತನ ಮೇಲೆ ಮುನಿಸಿಕೊಂಡದ್ದು, ಕರೆದಾಗ ಓಗೊಡದೆ ಓದುತ್ತ ಕುಳಿತದ್ದು ಹೈಸ್ಕೂಲಿನ ಮಕ್ಕಳನ್ನೂ ಕಾಡಬಲ್ಲದು. ಅಂಥವರು ಮನೆಯಲ್ಲಿ ಒಬ್ಬರೊಡನೆಯಾದರೂ ಬಾಯಿ ಬಿಟ್ಟು ಹೇಳಿಕೊಳ್ಳುವುದು ಒಳ್ಳೆಯದು.

ಸತ್ತವರನ್ನು ಮರೆತು ಮುಂದೆ ಸಾಗುವುದೇ ಆರೋಗ್ಯಕರ ಎಂಬ ಭಾವನೆ ಮನಃಶಾಸ್ತ್ರದಲ್ಲಿ ಬಹುಕಾಲ ಪ್ರಬಲವಾಗಿತ್ತು. ಡೆನಿಸ್ ಕ್ಲಾಸ್, ಫಿಲಿಸ್ ಸಿಲ್ವರ್‌ಮನ್, ಸ್ಟೀವನ್ ನಿಕ್‌ಮನ್ ಸಂಪಾದಿಸಿ 1996ರಲ್ಲಿ ಹೊರತಂದ ‘ಕಂಟಿನ್ಯೂಯಿಂಗ್ ಬಾಂಡ್ಸ್’ ಗ್ರಂಥ ಅದನ್ನು ಪ್ರಶ್ನಿಸಿತು. ಅಗಲಿದವರೊಡನೆ ನಂಟು ಉಳಿಸಿಕೊಳ್ಳುವುದು ರೋಗವಲ್ಲ, ಸಹಜ ಎಂದಿತು. ಎಡೆಯಿಡುವ ಮನೆಗಳಿಗೆ ಇದು ಹೊಸ ಮಾತೇನಲ್ಲ. ಆದರೆ ಎಡೆಗೆ ಏನಿಡಬೇಕೆಂದು ಮಕ್ಕಳನ್ನೂ ಕೇಳುವ ಮನೆಗಳು ಎಷ್ಟಿವೆ?

ಅಮಾವಾಸ್ಯೆಯ ದಿನ ಕೊಬ್ಬರಿ ಮಿಠಾಯಿಯನ್ನು ಹುಡುಗಿಯೇ ತಂದು ಎಲೆಯ ತುದಿಗೆ ಇಟ್ಟಳು. ಧೂಪ ಹಾಕಿ, ಹಿರಿಯರು ಬಂದು ಉಣ್ಣಲೆಂದು ಎಲ್ಲರೂ ಬಾಗಿಲು ಮುಂದೆ ಮಾಡಿ ಹೊರಗೆ ಕುಳಿತರು. ಬಾಗಿಲು ತೆರೆದ ಮೇಲೆ ಅಜ್ಜಿ ಆ ಮಿಠಾಯಿಯನ್ನು ಮುರಿದು ಅರ್ಧ ಅವಳ ಕೈಗಿಟ್ಟರು. ಅವಳು ತಿಂದಳು. ‘ಅಜ್ಜಿ, ತಾತ ಚಿಕ್ಕವ್ರಾಗಿದ್ದಾಗ್ಲೂ ಹಿಂಗೇ ಕದ್ದು ತಿಂತಿದ್ರಾ?’ ಎಂದು ಕೇಳಿದಳು. ಅಜ್ಜಿ ಹೇಳತೊಡಗಿದರು.